ಡಿ ಹಿಸ್ಸಾ

ನಮ್ಮ ಕಂಪ್ಯೂಟರ್ ಅಕ್ಕೋರ ಬಲಗೈಯ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ವರ್ಷಾನುಗಟ್ಟಲೆ ಟೈಪ್‌ರೈಟರಿನ ಗುಂಡಿ ಕುಟ್ಟಿ ಹಾಗಾಗಿದೆ ಎಂದು ಅವರು ಹೇಳುತ್ತಿದ್ದರು. ಹತ್ತೂ ಬೆರಳಿನಿಂದ ಟೈಪ್ ಮಾಡುವವರಿಗೆ ಒಂದೇ ಬೆರಳು ಯಾಕೆ ಚಪ್ಪಟೆಯಾಗಬೇಕು ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಉಳದದ್ದು ನಿಮ್ಮ ತಲಿ ಕುಟ್ಟಿ ಆಗೇತಿ" ಎಂದರು. ಅದೂ ಸುಳ್ಳಲ್ಲ. ತಪ್ಪು ಗುಂಡಿ ಒತ್ತಿದವಳ ನೆತ್ತಿಯ ಮೇಲೆ ಆ ಬೆರಳು ಟಕ್ಕೆಂದು ಬೀಳುತ್ತಿತ್ತು. ನೋವಾಗುತ್ತಿರಲಿಲ್ಲ, ನಾಚಿಕೆಯಾಗುತ್ತಿತ್ತು.

ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುವುದು ನಮ್ಮ ಕಡೆಯ ರೂಢಿ. ಬಸವನ ಬಾಗೇವಾಡಿಯಲ್ಲಿ ಇವರು ಮೊದಲು ಟೈಪಿಂಗ್ ಅಕ್ಕೋರು, ಆಮೇಲೆ ಕಂಪ್ಯೂಟರ್ ಅಕ್ಕೋರು. ತಂದೆಯ ಮನೆಯ ಮುಂದಿನ ಖೋಲಿಯೇ ಅವರ ಕ್ಲಾಸು. ಬೀದಿಗೊಂದು ಬಾಗಿಲು, ಒಳಗಿನ ಪಡಸಾಲೆಗೊಂದು ಬಾಗಿಲು. ಒಳಬಾಗಿಲಿಗೆ ಹಳೆಯ ಇಳಕಲ್ ಸೀರೆಯ ಪರದೆ. ನಾನು ಪಿಯುಸಿ ಮುಗಿಸಿ ಮಸೂತಿಯ ನಮ್ಮ ಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. "ವರ ಸಿಗೂತನಕ ಏನರೆ ಕಲೀಲಿ" ಎಂದು ಅಪ್ಪ ಬಸ್ ಪಾಸು ಮಾಡಿಸಿಕೊಟ್ಟ. ವರ ಬೇಗ ಸಿಗದಿರಲಪ್ಪಾ ಎಂದು ಬೇಡಿಕೊಳ್ಳುತ್ತ ನಾನು ಮುಂಜಾನೆಯ ಬಸ್ಸು ಹತ್ತುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು ಇದು.

ಆ ಖೋಲಿಗಿದ್ದ ಮಡಿ ನಮ್ಮ ಮನೆಯ ದೇವರಿಗೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಒರೆಸಿಕೊಂಡು ಒಳಗೆ ಬರಬೇಕು. ಎರೆಮಣ್ಣಿನ ಧೂಳು ಹೊತ್ತ ಹುಡುಗಿಯರು ಮೊದಲ ದಿನ ಗೊಣಗುತ್ತಿದ್ದರು, ಎರಡನೆಯ ದಿನ ತಾವೇ ಹೊಸಬರನ್ನು ಗದರಿಸುತ್ತಿದ್ದರು. ಕರೆಂಟು ಹೋದರೆ ಮೇಜಿನ ಕೆಳಗಿನ ಯುಪಿಎಸ್ಸು ಹೆದರಿದ ಕೋಳಿಮರಿಯಂತೆ ಕೂಗುತ್ತಿತ್ತು. ಅಕ್ಕೋರು ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು: "ಸೇವ್ ಮಾಡ್ರಿ, ಸೇವ್!" ಮಾಡಿದೆವು ಎಂದರೆ ಮುಗಿಯುತ್ತಿರಲಿಲ್ಲ. "ಎಲ್ಲಿ ಮಾಡಿದಿ?" ಎಂಬುದು ಮುಂದಿನ ಪ್ರಶ್ನೆ. "ಡಿ ಒಳಗ್ರಿ" ಎಂದರೆ ಬಚಾವು. ಬೇರೆ ಏನೇ ಹೇಳಿದರೂ ಬೆರಳು ನೆತ್ತಿಗೆ ಬರುತ್ತಿತ್ತು.

ಕಂಪ್ಯೂಟರಿನೊಳಗೆ ಸಿ ಎಂಬುದೊಂದು ಭಾಗ, ಡಿ ಎಂಬುದೊಂದು ಭಾಗ. ಬರೆದದ್ದನ್ನು ಹೊರಗೆ ಒಯ್ಯಲು ಫ್ಲಾಪಿ ಎಂಬ ಚಪ್ಪಟೆ ಬಿಲ್ಲೆ ಬೇರೆ. ಯಂತ್ರವನ್ನು ನಡೆಸುವ ಸರಂಜಾಮೆಲ್ಲ ಸಿ ಒಳಗೆ. ನಾವು ಬರೆದದ್ದು, ನಮ್ಮ ಕೆಲಸದ್ದು ಎಲ್ಲವೂ ಡಿ ಒಳಗೆ ಇರಬೇಕು. ಯಾಕೆಂದರೆ ಸಿ ಕೆಡುತ್ತದೆ. ಕೆಟ್ಟಾಗ ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುತ್ತಾರೆ. ಡಿ ಬೇರೆಯಾಗಿದ್ದರೆ ಅದಕ್ಕೆ ಯಾರೂ ಕೈ ಹಚ್ಚುವುದಿಲ್ಲ.

"ವರ್ಷದ ಜ್ವಾಳ ಯಾರರೆ ಅಡಗಿಮನ್ಯಾಗ ಸುರವತಾರೇನು?" ಎಂದು ಅಕ್ಕೋರು ಕೇಳುತ್ತಿದ್ದರು. "ಹಗೇವದಾಗ ಇಡ್ತಾರ. ಅಡಗಿಮನಿ ಕೆಡವ್ತಾರ, ಕಟ್ತಾರ, ಸುಣ್ಣಾ ಹಚ್ತಾರ. ಹಗೇವ ಇದ್ದಲ್ಲೇ ಇರ್ತೈತಿ."

ಹಗೇವೆಂದರೆ ನೆಲದೊಳಗೆ ಕಾಳು ತುಂಬಿಡುವ ಕುಣಿ. ಹಳ್ಳಿಯಿಂದ ಬಂದ ನಮಗೆ ಇಷ್ಟು ಹೇಳಿದರೆ ಸಾಕಿತ್ತು. ಆದರೆ ಯಂತ್ರ ತಾನಾಗಿಯೇ ಎಲ್ಲವನ್ನೂ ಸಿ ಒಳಗಿನ ಮೈ ಡಾಕ್ಯುಮೆಂಟ್ಸ್ ಎಂಬಲ್ಲಿ ಇಡಲು ನೋಡುತ್ತಿತ್ತು. 'ಮೈ' ಎಂದಿದೆಯಲ್ಲ, ನಮ್ಮದೇ ಇರಬೇಕು ಎಂದು ಪ್ರತಿಯೊಬ್ಬ ಹೊಸ ಹುಡುಗಿಯೂ ಅಲ್ಲಿಯೇ ಇಟ್ಟು ಬೈಸಿಕೊಳ್ಳುತ್ತಿದ್ದಳು. "ನಿಂದು ಅಂತ ಬರದೈತಿ ಅಷ್ಟ. ನಿಂದಲ್ಲ ಅದು. ಅಳಸಾವ್ರು ಬಂದಾಗ ನಿನ್ನ ಕೇಳಂಗಿಲ್ಲ" ಎನ್ನುತ್ತಿದ್ದರು ಅಕ್ಕೋರು.

ಈ ಮಾತು ಹೇಳುವಾಗ ಅವರ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ. ಅವರನ್ನು ಸಿಂದಗಿಗೆ ಕೊಟ್ಟಿದ್ದರು. ಮದುವೆಯಾಗಿ ಸ್ವಲ್ಪ ದಿನಕ್ಕೇ ಉಟ್ಟ ಸೀರೆಯಲ್ಲಿ ತಿರುಗಿ ಬಂದರು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಮೆಟ್ರಿಕ್ ಮಾರ್ಕ್ಸ್ ಕಾರ್ಡು, ಟೈಪಿಂಗ್ ಪಾಸಾದ ಸರ್ಟಿಫಿಕೇಟು, ತಾಯಿ ಕೊಟ್ಟ ಹಿತ್ತಾಳೆ ಕೊಡ ಎಲ್ಲವೂ ಗಂಡನ ಮನೆಯ ಟ್ರಂಕಿನಲ್ಲಿ ಉಳಿದುಹೋದವಂತೆ. ಮತ್ತೆ ಮಾಡಿಸಲು ಎಷ್ಟು ಕಚೇರಿ ಅಲೆದರೆಂದು ಒಮ್ಮೆ ಬಾಯಿಬಿಟ್ಟಿದ್ದರು. ಕೊಡವಂತೂ ಬರಲೇ ಇಲ್ಲ.

ಆ ಮನೆಯಲ್ಲಿ ಅಕ್ಕೋರ ತಂದೆ, ಅಣ್ಣ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ ಇದ್ದರು. ಅಣ್ಣನಿಗೆ ಬಜಾರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ತಂದೆ ರಿಟೈರಾದ ತಲಾಟಿ. ಊರೂರಿನ ಹೊಲದ ದಾಖಲೆ ಬರೆದೇ ಆಯುಷ್ಯ ಕಳೆದವರು. ನಾವು ಅವರಿಗೆ ಅಜ್ಜಾರು ಎನ್ನುತ್ತಿದ್ದೆವು. ಪರದೆಯ ಆಚೆ ಪಡಸಾಲೆಯಲ್ಲಿ ಕುಳಿತು ಪೇಪರು ಓದುತ್ತ ನಮ್ಮ ಪಾಠವನ್ನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದರು. ಅರ್ಧ ಕಿವಿಯಲ್ಲಿ ಕೇಳಿದ್ದರಿಂದಲೇ ಮುಂದಿನ ಅನಾಹುತವಾಯಿತು.

ಕ್ಲಾಸಿಗೆ ಎರಡನೆಯ ಕಂಪ್ಯೂಟರ್ ಬಂದ ದಿನ ಅದು. ಬಿಜಾಪುರದಿಂದ ಬಸ್ಸಿನಲ್ಲಿ, ಕೌದಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಅಕ್ಕೋರೇ ತಂದಿದ್ದರು. ಹೊಸ ಡಿಸ್ಕನ್ನು ಸಿ ಮತ್ತು ಡಿ ಎಂದು ಭಾಗ ಮಾಡುವುದನ್ನು ನಮಗೆ ತೋರಿಸಬೇಕೆಂಬ ಹುರುಪು. ಟೈಪ್‌ರೈಟರುಗಳ ಗದ್ದಲದಲ್ಲಿ ಪಾಠ ಹೇಳಿ ಅವರ ದನಿ ಮೊದಲೇ ದೊಡ್ಡದು.

"ಮೊದಲ ಪಾರ್ಟಿಷನ್ ಆಗ್ಬೇಕು. ಪಾರ್ಟಿಷನ್ ಆಗದ ಮುಂದಿನ ಮಾತೇ ಇಲ್ಲ. ಸಿ ಸಣ್ಣದು ಸಾಕು. ಡಿ ದೊಡ್ಡದಿರ್ಲಿ, ಅದು ನಮ್ಮದು. ಒಮ್ಮೆ ಒಡದ ಮ್ಯಾಲ ತಿರುಗಿ ಕೂಡಸಾಕ ಹೋದ್ರ ಇದ್ದದ್ದೆಲ್ಲಾ ಹೋಗ್ತೈತಿ, ತಿಳೀತಿಲ್ಲೋ?"

ತಿಳಿಯಿತ್ರಿ ಎಂದು ನಾವು ಒಕ್ಕೊರಲಿನಿಂದ ಹೇಳಿದೆವು. ಪರದೆಯ ಆಚೆ ಅಜ್ಜಾರಿಗೂ ಪೂರಾ ತಿಳಿದಿತ್ತು.

ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವುದಕ್ಕೆ ನಮ್ಮಲ್ಲಿ ವಾಟ್ನಿ ಎನ್ನುತ್ತಾರೆ. ವಕೀಲರ ಬಾಯಲ್ಲಿ ಅದೇ ಪಾರ್ಟಿಷನ್. ಅಜ್ಜಾರು ತಲಾಟಿಯಾಗಿ ಬರೆದ ವಾಟ್ನಿಗಳಿಗೆ ಲೆಕ್ಕವಿರಲಿಲ್ಲ. ಗೊಳಸಂಗಿಯ ಕಡೆ ಅಣ್ಣತಮ್ಮಂದಿರು ಬಾವಿಯ ನೀರಿನ ಪಾಳಿಗಾಗಿ ಮಾತು ಬಿಟ್ಟದ್ದು, ಒಂದು ಬೇವಿನ ಮರ ಯಾರಿಗೂ ಬೇಡವೆಂದು ಕಡಿದು ಹಾಕಿದ್ದು ಎಲ್ಲವನ್ನೂ ಕಣ್ಣಾರೆ ಕಂಡು, ತಮ್ಮ ಮನೆಯಲ್ಲಿ ಆ ಶಬ್ದವನ್ನೇ ಯಾರೂ ಎತ್ತಬಾರದೆಂದು ಕಟ್ಟು ಮಾಡಿದ್ದರು. ಸಾಲದ್ದಕ್ಕೆ ಹೆಣ್ಣುಮಕ್ಕಳಿಗೂ ಪಾಲು ಬರುತ್ತದೆಂಬ ಕಾಯ್ದೆಯ ಮಾತು ಆಗ ಚಹದಂಗಡಿಗಳಲ್ಲೆಲ್ಲ ಓಡಾಡುತ್ತಿತ್ತು.

ಮಧ್ಯಾಹ್ನ ನಾವು ಖೋಲಿಯಲ್ಲಿ ರೊಟ್ಟಿ ಗಂಟು ಬಿಚ್ಚಿದ್ದೆವು. ಪಡಸಾಲೆಯಲ್ಲಿ ತಾಟು ಸರಿಸಿದ ಸಪ್ಪಳವಾಯಿತು. ಅಜ್ಜಾರು ಊಟ ಒಲ್ಲೆನೆಂದರು. ಅಂಗಡಿಯಿಂದ ಊಟಕ್ಕೆ ಬಂದ ಅಣ್ಣ ಯಾಕೆಂದು ಕೇಳಿದ.

"ನಿನ್ನ ತಂಗೀನ ಕೇಳು. ಊರ ಹುಡುಗ್ಯಾರ ಮುಂದ ಪಾರ್ಟಿಷನ್ ಮಾಡಾಕತ್ತಾಳ. ನಾ ಸತ್ತೇನೇನು ಇನ್ನಾ?"

ಅಕ್ಕೋರು ಪರದೆ ಸರಿಸಿ ಒಳಗೆ ಹೋದರು. ಅವರು ಬಾಯಿ ತೆರೆಯುವುದರೊಳಗೆ ಅಣ್ಣ ಸಿಡಿದ.

"ಪಾಲು ಕೇಳೂತನಕ ಬಂತೇನು? ಕೂಡಾಕ ಖೋಲಿ ಕೊಟ್ರ ಮನೀಗೇ ಕೈ ಹಾಕ್ತಿ? ಮೊದಲ ಆ ಖೋಲಿ ಖಾಲಿ ಮಾಡು. ಗೊಬ್ಬರದ ಚೀಲಾ ಇಡಾಕ ನನಗ ಜಾಗಾ ಇಲ್ಲದ ಎಷ್ಟ ದಿನಾ ಆತು!"

"ಯಾವ ಪಾಲು? ಯಾರು ಕೇಳ್ಯಾರ?" ಎಂದರು ಅಕ್ಕೋರು.

"ಸುಳ್ಳ ಹೇಳಬ್ಯಾಡ. ನನ್ನ ಕಿವೀಲೆ ಕೇಳೇನಿ" ಎಂದರು ಅಜ್ಜಾರು. "ಸಿ ಹಿಸ್ಸಾ ಸಣ್ಣದಂತ, ಅದು ಅಣ್ಣಗ. ಡಿ ಹಿಸ್ಸಾ ದೊಡ್ಡದಂತ, ಅದು ನಿನಗ. ಆತು, ಒಪ್ಪಿದೆ. ಎ ಹಿಸ್ಸಾ, ಬಿ ಹಿಸ್ಸಾ ಯಾರಿಗೆ ಬರದಿ?"

ಒಂದು ಹೊಲ ಒಡೆದರೆ ಅದರ ಹಿಸ್ಸಾಗಳಿಗೆ, ಅಂದರೆ ತುಂಡುಗಳಿಗೆ, ಎ, ಬಿ, ಸಿ ಎಂದು ಹೆಸರಿಟ್ಟು ಬರೆದ ಕೈ ಅದು. ಅವರಿಗೆ ಬೇರೆ ಏನು ಹೊಳೆಯಬೇಕು? ಅಕ್ಕೋರು ಗಾಬರಿಯಲ್ಲಿ ಸತ್ಯವನ್ನೇ ಹೇಳಿದರು:

"ಎ, ಬಿ ಫ್ಲಾಪಿಗೆ ಇರ್ತಾವಪ್ಪಾ."

"ಫ್ಲಾಪಿ ಯಾಂವ?"

ಪರದೆಯ ಈಚೆ ನಮಗೆ ರೊಟ್ಟಿ ನೆತ್ತಿಗೇರಿತು. ತಾಳಿಕೋಟೆಯ ಹುಡುಗಿಯೊಬ್ಬಳು ನೀರಿನ ತಂಬಿಗೆಯನ್ನೇ ಉರುಳಿಸಿ ಬಿಟ್ಟಳು. ಅಕ್ಕೋರು ತಂದೆಯ ಕೈ ಹಿಡಿದು ಖೋಲಿಗೆ ಕರೆತಂದು, ಕುರ್ಚಿಯ ಮೇಲೆ ಕೂಡಿಸಿ, ಹೊಸ ಯಂತ್ರದ ಮುಂದೆ ಇಡೀ ಪಾಠವನ್ನು ಮತ್ತೊಮ್ಮೆ ಮಾಡಿದರು. ಅಜ್ಜಾರು ಚಷ್ಮಾ ಏರಿಸಿ ಕೇಳಿದರು.

"ಅಂದ್ರ ಇದು ಮಶಿನ್ನಿನ ವಾಟ್ನಿ."

"ಹೌದಪ್ಪಾ."

"ಜಗಳಾ?"

"ಇಲ್ಲಪ್ಪಾ. ಇಬ್ಬರೂ ಒಂದ ಡಬ್ಬ್ಯಾಗ ಇರ್ತಾರ."

ಅಜ್ಜಾರು ನಕ್ಕರು. ಅಣ್ಣನೂ ನಕ್ಕು ಕೈ ತೊಳೆಯಲು ಹೋದ. ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ವೈನಿಯೂ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಅಕ್ಕೋರು ಮಾತ್ರ ನಗಲಿಲ್ಲ. ಖೋಲಿ ಖಾಲಿ ಮಾಡು ಎಂಬ ಮಾತು ಅಣ್ಣನ ಬಾಯಿಂದ ಬಿದ್ದಿತ್ತು. ತಪ್ಪು ತಿಳಿದು ಆಡಿದ ಮಾತಾದರೂ ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು ಎಂಬುದು ನಮ್ಮಂಥ ಹುಡುಗಿಯರಿಗೂ ಗೊತ್ತಾಯಿತು. ಅಜ್ಜಾರು ಇರುವ ತನಕ ಆ ಖೋಲಿ. ಅವರ ನಂತರ ಅಕ್ಕೋರು ಎಲ್ಲಿಗೆ ಹೋಗಬೇಕು? ಅವರಿಗಿದ್ದದ್ದು ಆ ನಾಲ್ಕು ಗೋಡೆ, ಅದರೊಳಗಿನ ಕ್ಲಾಸು, ಅಷ್ಟೇ.

ಮುಂದೆ ಮದುವೆಯ ಸುಗ್ಗಿ ಬಂತು. ಲಗ್ನಪತ್ರಿಕೆಗಳ ರಾಶಿ ಒಂದು ಕಡೆ, ಹಳ್ಳಿ ಶಾಲೆಗಳ ಪ್ರಶ್ನೆಪತ್ರಿಕೆ ಇನ್ನೊಂದು ಕಡೆ. ಯಾರೋ ತಂದ ಫ್ಲಾಪಿಯಿಂದ ವೈರಸ್ ಹೊಕ್ಕು ಹಳೆಯ ಕಂಪ್ಯೂಟರ್ ಒಂದು ಮುಂಜಾನೆ ಏಳಲೇ ಇಲ್ಲ. ಬಿಜಾಪುರದಿಂದ ರಿಪೇರಿಯವನು ಬಂದು, ಸಿ ಪೂರ್ತಿ ಅಳಿಸಬೇಕು ಎಂದ. ಅಜ್ಜಾರು ತಾವೇ ಕುರ್ಚಿ ಎಳೆದುಕೊಂಡು ಬಂದು ಕುಳಿತರು. ಮಶಿನ್ನಿನ ಮನೆ ಕೆಡವುವುದನ್ನು ಅವರಿಗೆ ನೋಡಬೇಕಿತ್ತು.

ಸಿ ಅಳಿಸಿ ಹೊಸದಾಗಿ ಹಾಕಿದ್ದಾಯಿತು. ಅಕ್ಕೋರು ಡಿ ತೆರೆದರು. ಎಲ್ಲವೂ ಇದ್ದವು. ನಾನು ಟೈಪ್ ಮಾಡಿದ್ದ ಮುದ್ದೇಬಿಹಾಳದ ಕಡೆಯ ಒಂದು ಲಗ್ನಪತ್ರಿಕೆ ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ! ವರನ ಹೆಸರಿದ್ದಲ್ಲಿ ಇಂಗ್ಲಿಷಿನ ಅಡ್ಡಾದಿಡ್ಡಿ ಅಕ್ಷರ, ವಧುವಿನ ಹೆಸರಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಇನ್ನೊಂದು ತೆರೆದರೂ ಅದೇ. ಅಕ್ಕೋರು ಮೂರನೆಯದನ್ನೂ ತೆರೆದು ನೋಡಿದರು. ನಾನಂತೂ ಅತ್ತೇಬಿಟ್ಟೆ.

"ಡಿ ಮುಟ್ಟಿದ್ಯೇನೋ?" ಎಂದು ಅಕ್ಕೋರು ರಿಪೇರಿಯವನ ತೋಳು ಹಿಡಿದರು.

"ಇಲ್ರಿ ಅಕ್ಕೋರ, ದೇವರಾಣಿ. ಕನ್ನಡ ಫಾಂಟು ಸಿ ಒಳಗಿತ್ತಲ್ರಿ, ಅದು ಹೋಗೈತಿ. ತಿರುಗಿ ಹಾಕ್ರಿ, ಎಲ್ಲಾ ಬರ್ತೈತಿ."

ಅಕ್ಕೋರು ಫಾಂಟಿನ ಫ್ಲಾಪಿ ಹುಡುಕಿ ಹಾಕಿದರು. ಮತ್ತೆ ತೆರೆದಾಗ ಕಂಪ್ಯೂಟರಿನ ಪರದೆಯ ಮೇಲೆ ವರ ವರನಾಗಿಯೇ ಇದ್ದ, ವಧು ವಧುವಾಗಿಯೇ ಇದ್ದಳು. ಅಜ್ಜಾರು ಎಲ್ಲವನ್ನೂ ನೋಡುತ್ತಿದ್ದರು. ರಿಪೇರಿಯವನು ಚಹಾ ಕುಡಿದು ಹೋದ ಮೇಲೂ ಏಳಲಿಲ್ಲ. ಕುರ್ಚಿಯಲ್ಲಿ ಕುಳಿತೇ ಮಗಳನ್ನು ಕೇಳಿದರು:

"ಈ ಮನಿ ಒಳಗ ನೀ ಎಲ್ಲಿ ಅದಿಯವ್ವಾ? ಸಿ ಒಳಗೋ, ಡಿ ಒಳಗೋ?"

ಅಕ್ಕೋರು ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದರು. "ಸಿ ಒಳಗಪ್ಪಾ" ಎಂದರು.

ಆ ವಾರವೇ ಅಜ್ಜಾರು ಪೆಟ್ಟಿಗೆಯಿಂದ ಕರೀ ಕೋಟು, ಟೊಪ್ಪಿಗೆ ತೆಗೆಸಿ ಸಬ್ ರಜಿಸ್ಟ್ರಾರ್ ಕಚೇರಿಗೆ ಹೋದರು. ಮುಂದಿನ ಖೋಲಿಯನ್ನು ಮಗಳಿಗೆ ಬಕ್ಷೀಸ್ ಪತ್ರ, ಅಂದರೆ ದಾನಪತ್ರ, ಮಾಡಿ ಕೊಟ್ಟರು. ಜೀವನವಿಡೀ ವಾಟ್ನಿಗೆ ಹೆದರಿದ ಮನುಷ್ಯ ತನ್ನ ಮನೆಗೆ ತಾನೇ ಗೆರೆ ಎಳೆದ.

ಸುಖವಾಯಿತೆಂದು ಹೇಳಲಾರೆ. ಅಣ್ಣ ಮಾತು ಬಿಟ್ಟ. "ಬಂದ ಮಗಳಿಗೆ ಖೋಲಿ ಕೊಟ್ರ ಇದ್ದ ಸೊಸೀಗೆ ಏನು ಉಳೀತು?" ಎಂದು ವೈನಿ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅತ್ತರು. ಒಳಬಾಗಿಲಿಗೆ ಆಚೆಯಿಂದ ಅಗಳಿ ಬಿತ್ತು. ಅಕ್ಕೋರು ಖೋಲಿಯ ಮೂಲೆಯಲ್ಲಿ ಸ್ಟೋವ್ ಹಚ್ಚಿ ಒಬ್ಬರಿಗೇ ಅನ್ನ ಮಾಡಿಕೊಳ್ಳತೊಡಗಿದರು. ಪಡಸಾಲೆಯಿಂದ ರೊಟ್ಟಿ ತಟ್ಟುವ ಸಪ್ಪಳ ಬಂದರೆ ಅವರ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ದಿನ ನಾನು ಸುಮ್ಮನಿರಲಾರದೆ, "ಬ್ಯಾಸರಾಗೂದಿಲ್ಲೇನ್ರಿ?" ಎಂದೆ. "ಡಿ ಉಳದೈತಲ್ಲ. ಸಿ ಹೋಗೈತಿ, ಅದನ್ನ ತಿರುಗಿ ಹಾಕಾಕ ಬರ್ತೈತಿ" ಎಂದರು.

ಬಂತು ಕೂಡ. ಅಜ್ಜಾರು ತೀರಿಕೊಂಡ ಮೇಲೆ ಒಂದು ದಿನ ಅಗಳಿ ತೆಗೆದವರು ವೈನಿ. ಕೈಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಲೆ. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಸ್ಟೋವಿನ ವಾಸನಿ ಒಳತನಕ ಬರ್ತೈತಿ, ನಾಳಿಂದ ಹಚ್ಚಬ್ಯಾಡ" ಎಂದು ಬೈದು ಹೋದರಂತೆ. ಇದನ್ನು ಹೇಳುವಾಗ ಅಕ್ಕೋರು ಹುಡುಗಿಯಂತೆ ನಗುತ್ತಿದ್ದರು.

ನನಗೆ ಕೊನೆಗೂ ವರ ಸಿಕ್ಕ. ಇಂಡಿ ಊರಿನ ಮನೆತನ, ನಿಂಬೆಯ ತೋಟ, ಒಳ್ಳೆಯ ಜನ. ಲಗ್ನಪತ್ರಿಕೆ ಕೊಡಲು ಹೋದಾಗ ಅಕ್ಕೋರು ಅದರ ಅಕ್ಷರದೋಷ ತಿದ್ದಿದ ಮೇಲೆಯೇ ಹರಸಿದ್ದು. ಬೀಳ್ಕೊಡುವಾಗ ನನ್ನನ್ನು ಹತ್ತಿರ ಕರೆದರು.

"ಗಂಡನ ಮನಿ ಅಂದ್ರ ಹೊಸಾ ಸಿಸ್ಟಮ್. ಅವರ ಅಡಗಿ, ಅವರ ಹಬ್ಬಾ, ಅವರ ಮಾತು ಎಲ್ಲಾ ಹಾಕ್ತಾರ. ಹಾಕ್ಕೋ, ತಪ್ಪಲ್ಲ. ಆದ್ರ ನಿನ್ನ ಸರ್ಟಿಫಿಕೇಟು, ನಿನ್ನ ಕೆಲಸಾ ಬ್ಯಾರೆ ಇಡು. ಅವರು ಕೆಟ್ಟವರಂತಲ್ಲವ್ವಾ. ನಿಂದು ಅಂಬೋದು ಒಂದು ಇರ್ಲಿ ಅಂತ."

ನಾನು ನನ್ನ ಸರ್ಟಿಫಿಕೇಟುಗಳನ್ನು ತವರಲ್ಲಿಯೂ ಬಿಡದೆ, ಗಂಡನ ಮನೆಯ ತಿಜೋರಿಯಲ್ಲಿಯೂ ಇಡದೆ ಅವರ ಹತ್ತಿರವೇ ಬಿಟ್ಟು ಹೋದೆ. ಮುಂದೆ ಇಂಡಿಯ ಶಾಲೆಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ಬಲ್ಲವರು ಬೇಕೆಂದಾಗ ಮನೆಯಲ್ಲಿ ಬೇಡವೆಂದವರೂ ಇದ್ದರು. ನಾನು ಜಗಳವಾಡಲಿಲ್ಲ, ಬಿಟ್ಟುಕೊಡಲೂ ಇಲ್ಲ. ಅಕ್ಕೋರು ಸರ್ಟಿಫಿಕೇಟು ರಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರು, ನಾನು ಕೆಲಸಕ್ಕೆ ಸೇರಿದೆ. ನನ್ನ ಹೆಸರಿನ ಮೇಜು, ನನ್ನ ಸಹಿಯ ಸಂಬಳ. ಇವತ್ತು ನಾನು ನಾನಾಗಿ ಉಳಿದಿದ್ದರೆ ಅದು ಅವರ ಋಣ.

ಕೆಲ ವರ್ಷಗಳ ಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆಯಾಯಿತು. ನೋಡಲು ಹೋದಾಗ ಖೋಲಿಯಲ್ಲಿ ಕಂಪ್ಯೂಟರುಗಳ ಪಕ್ಕದಲ್ಲೇ ಮಂಚ ಹಾಕಿದ್ದರು. ವೈನಿ ಗಂಜಿ ಕುಡಿಸುತ್ತಿದ್ದರು. ಹೊಸ ಹುಡುಗಿಯೊಬ್ಬಳು ಟೈಪ್ ಮಾಡುತ್ತಿದ್ದಳು. ಅಕ್ಕೋರಿಗೆ ಎದ್ದು ಕೂಡುವ ಶಕ್ತಿ ಇರಲಿಲ್ಲ. ಮಲಗಿದಲ್ಲಿಂದಲೇ ಆ ಹುಡುಗಿಯನ್ನು "ಎಲ್ಲಿ ಸೇವ್ ಮಾಡಿದಿ?" ಎಂದು ಕೇಳಿದರು. ನಾನು ಹೊರಗೆ ಬಂದು ಬಸ್ ನಿಲ್ದಾಣದ ತನಕ ಅಳುತ್ತಲೇ ನಡೆದೆ.

ಅವರು ಹೋದ ಸುದ್ದಿ ನನಗೆ ತಡವಾಗಿ ಮುಟ್ಟಿತು. ಮಣ್ಣಿಗೆ ಹೋಗಲು ಆಗಲಿಲ್ಲ. ತಿಂಗಳ ಮೇಲೆ ಬಾಗೇವಾಡಿಗೆ ಹೋದೆ. ಬೀದಿಯ ಬಾಗಿಲು ತೆರೆದೇ ಇತ್ತು. ಇಷ್ಟು ಹೊತ್ತಿಗೆ ಗೊಬ್ಬರದ ಚೀಲಗಳು ಬಂದಿರುತ್ತವೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಇಣುಕಿದೆ. ಚೀಲಗಳಿರಲಿಲ್ಲ. ವೈನಿ ಒಬ್ಬರೇ ನೆಲದ ಮೇಲೆ ಕುಳಿತು ತಮ್ಮದೊಂದು ಹೊಲಿಗೆಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಸೊಂಟದಲ್ಲಿ ಖೋಲಿಯ ಕೀಲಿಕೈ. ಅಕ್ಕೋರು ಮೃತ್ಯುಪತ್ರ, ಅಂದರೆ ಉಯಿಲು, ಬರೆಸಿ ಹೋಗಿದ್ದರು.

"ತನ್ನ ಅಣ್ಣನ ಹೆಸರಿಗೆ ಅಲ್ಲವ್ವಾ" ಎಂದರು ವೈನಿ. "ನನ್ನ ಹೆಸರಿಗೆ. ಓದಸಿ ಕೇಳೇನಿ. ಎರಡು ಸಲ ಓದಸಿ ಕೇಳೇನಿ."

ಆ ಮನೆಯಲ್ಲಿ ಅಷ್ಟು ವರ್ಷ ರೊಟ್ಟಿ ತಟ್ಟಿದ ಹೆಂಗಸು, ಮಾತು ಬಂದಾಗಲೆಲ್ಲ ಮಾವನ ಮನೆ, ಇವರ ಅಂಗಡಿ, ಆಕೆಯ ಖೋಲಿ ಎಂದೇ ಹೇಳಿದವರು. ನಾನು ಇನ್ನೂ ಹೊಸ್ತಿಲ ಹೊರಗೇ ನಿಂತಿದ್ದೆ. ಅವರು ಎದ್ದು ಬಂದು ನನ್ನ ಕೈ ಹಿಡಿದರು.

"ಹೊರಗ ಯಾಕ ನಿಂತಿ? ಬಾ ಒಳಗ. ನನ್ನ ಖೋಲಿ ಇದು."